ಅಕ್ಕನಿಗೆ ಈ ಟೂಲ್ ಬಳಸಬಾರದು

ಬರೆಯುವ ಕೆಲಸವೆಂದರೆ ನನಗೆ ಎಂದೂ ಹೆದರಿಕೆಯಿಲ್ಲ. ಬೀದರಿನ ಕಾನ್ವೆಂಟಿನಲ್ಲಿ ಏಳನೇ ತರಗತಿಯಲ್ಲಿದ್ದಾಗ ಪತ್ರಲೇಖನಕ್ಕೆ ಮೊದಲ ಬಹುಮಾನ ಪಡೆದವಳು ನಾನು. ಬಹುಮಾನ ಒಂದು ಸ್ಟೀಲಿನ ಸಾಬೂನು ಡಬ್ಬಿ. ನಾಸಿಕದ ನಮ್ಮ ಮನೆಯ ಕಪಾಟಿನಲ್ಲಿ ಅದು ಇವತ್ತಿಗೂ ಇದೆ. ಈಗಲೂ ನಮ್ಮ ಅಪಾರ್ಟ್‌ಮೆಂಟಿಗೆ ನೀರು ಬರದಿದ್ದರೆ ಸೊಸೈಟಿಯ ಕಾರ್ಯದರ್ಶಿಗೆ ಅರ್ಜಿ ಬರೆದುಕೊಡುವವಳು ನಾನೇ. ನೀರು ಬರುವುದಿಲ್ಲ, ಆ ಮಾತು ಬೇರೆ. ಅರ್ಜಿ ಮಾತ್ರ ಬಹಳ ಚಂದ ಇರುತ್ತದೆ.

ಹೀಗಿರುವಾಗ ಒಂದು ಸಂಜೆ ಚಹಾದ ಹೊತ್ತಿಗೆ ಮಗಳು ಮೇಘನಾ ಲ್ಯಾಪ್‌ಟಾಪ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಅವಳದು ಇಂಜಿನಿಯರಿಂಗ್ ಕೊನೆಯ ವರ್ಷ. ಹುಟ್ಟಿ ಬೆಳೆದದ್ದು ಇಲ್ಲೇ ಆದ್ದರಿಂದ ಅವಳ ಕನ್ನಡ ಅರ್ಧ ದಾರಿಯಲ್ಲಿ ಇಳಿದು ಮರಾಠಿ ಬಸ್ಸು ಹತ್ತಿಬಿಡುತ್ತದೆ.

"ಮಮ್ಮಿ, ಮಾಮಾನ ಕಾರ್ಯಕ್ರಮಕ್ಕ ಮಂದೀನ ಕರೆಯೋ ಟೆನ್ಷನ್ ಬಿಡು. ನಾ ಒಂದು ಎಐ ಏಜಂಟ್ ಮಾಡೀನಿ. ಹೆಸರು ಕಾರಭಾರಿ. ವಾಟ್ಸಾಪಿನಾಗ ಎಲ್ಲಾರ್ನೂ ಅದೇ ಕರೀತದ, ಉತ್ತರಾನೂ ಅದೇ ಕೊಡ್ತದ. ನಿನ್ನ ಕಡಿಂದ ಫಕ್ತ ಒಂದು ಕೆಲಸ ಬೇಕು."

ಮಾಮಾ ಎಂದರೆ ನನ್ನ ತಮ್ಮ ಮಹೇಶ. ಸಂಭಾಜಿನಗರದಲ್ಲಿ ಮನೆ, ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಮದುವೆಯಾದ ಮೂರು ವರ್ಷಕ್ಕೆ ಅವನಿಗೆ ಹೆಣ್ಣುಮಗು ಹುಟ್ಟಿತ್ತು. ಬರುವ ತಿಂಗಳ ಮೊದಲ ರವಿವಾರ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ನಿಶ್ಚಯವಾಗಿತ್ತು.

ನಮ್ಮ ಕಡೆ ಮಗುವಿನ ಕಿವಿಯಲ್ಲಿ ಹೆಸರು ಉಸುರಿ, ಆಮೇಲೆ ಹುಡುಗರಿಂದ ಬೆನ್ನಿಗೆ ಗುದ್ದು ತಿನ್ನುವ ಹಕ್ಕು ಸೋದರತ್ತೆಯದು. ಇಬ್ಬರು ಸೋದರತ್ತೆಯರಿದ್ದರೆ ಹಿರಿಯಳದು. ಹಿರಿಯಳು ನಮ್ಮ ಶಾರದಕ್ಕ. ವೇರೂಳಿನಲ್ಲಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಅಕ್ಕ, ಭಾವ ಇಬ್ಬರೂ ತೆಂಗಿನಕಾಯಿ, ಬಿಲ್ವಪತ್ರೆ, ವಿಭೂತಿಯ ಅಂಗಡಿ ಇಟ್ಟುಕೊಂಡಿದ್ದಾರೆ. ಅಲ್ಲಿಂದ ಮಹೇಶನ ಮನೆಗೆ ಬಸ್ಸಿನಲ್ಲಿ ಒಂದು ತಾಸು. ಆದರೆ ಅವನ ಮದುವೆಯಾದ ದಿನದಿಂದ ಅಕ್ಕ ಆ ಒಂದು ತಾಸಿನ ದಾರಿ ತುಳಿದಿರಲಿಲ್ಲ. ಫೋನ್ ಮಾಡಿದರೆ "ಹೂಂ, ಅರಾಮ ಅದೀನಿ" ಎನ್ನುವಳು. ಇಡುವಳು.

ಸಿಟ್ಟಿನ ಕಾರಣ ನಮಗೆಲ್ಲ ಗೊತ್ತಿತ್ತು. ಮದುವೆಗೆ ಮಹೇಶ ಮನೆಗೆ ಹೋಗಿ ಕುಂಕುಮ ಹಚ್ಚಿ ಕರೆಯುವುದು ಬಿಟ್ಟು ಅಕ್ಕನಿಗೆ ಮೊಬೈಲಿನಲ್ಲಿ ಕಾರ್ಡು ಕಳಿಸಿದ್ದ. ಒಡಹುಟ್ಟಿದ ಹಿರಿಯ ಅಕ್ಕನಿಗೆ! ಅಕ್ಕ ಮದುವೆಗೆ ಬಂದಳು. ಹೋಗುವಾಗ ಯಾರೊಡನೆಯೂ ಮಾತಾಡದೆ ಹೋದಳು.

"ಅಕ್ಕ ಬರದಿದ್ರ ನಾ ಹೆಸರೇ ಇಡಂಗಿಲ್ಲ," ಎಂದು ಮಹೇಶ ಫೋನಿನಲ್ಲಿ ಖಡಾಖಂಡಿತ ಹೇಳಿದ್ದ. "ಪಾಪು ಅಂತೀವಿ. ಸಾಲಿಗೆ ಹಾಕುವಾಗೂ ಪಾಪು, ಲಗ್ನದ ಕಾರ್ಡಿನಾಗೂ ಪಾಪು. ನೀ ಏನರ ಮಾಡು ಸುನಂದಕ್ಕ, ಆಕಿನ್ನ ಕರಕೊಂಡು ಬಾ."

ಕೂಸಿನ ಹೆಸರೇ ನನ್ನ ಕೈಯಲ್ಲಿತ್ತು. ಅಕ್ಕನ ಮಟ್ಟಿಗೆ ನಾನು ಆಗಲೇ ಯೋಜನೆ ಹಾಕಿಕೊಂಡಿದ್ದೆ. ಹಿಂದಿನ ದಿನ, ಶನಿವಾರ, ನಾನೇ ವೇರೂಳಿಗೆ ಹೋಗಿ ಕುಂಕುಮದ ಭರಣಿ, ಇಳಕಲ್ ಸೀರೆ, ಶೇಂಗಾ ಹೋಳಿಗೆ ಸಮೇತ ಕರೆದು, ರವಿವಾರ ಜೊತೆಗೆ ಕರೆತರುವುದು. ಮೊದಲೇ ಸುಳಿವು ಸಿಕ್ಕರೆ ಅಕ್ಕ ಅಂಗಡಿಗೆ ಬೀಗ ಹಾಕಿ ಊರಿಗೆ ಹೋಗಿಬಿಡುವ ಪೈಕಿ. ಉಳಿದ ಅರವತ್ತು ಮಂದಿಯನ್ನು ಕರೆಯಲು ಕಾರಭಾರಿ ಇದ್ದರೆ ಒಳ್ಳೆಯದೇ ಆಯಿತಲ್ಲ!

"ಏನ್ ಕೆಲಸ ಹೇಳವ್ವ," ಎಂದೆ.

"ಕಾರಭಾರಿಗೆ ನಾಕು ಟೂಲ್ ಅವ. ಒಂದು ಫೋನಿನಾಗಿಂದ ಹೆಸರು ಹುಡುಕತದ, ಒಂದು ಆಮಂತ್ರಣ ಕಳಸ್ತದ, ಒಂದು ನೆನಪು ಮಾಡ್ತದ, ಒಂದು ಆಮಂತ್ರಣ ರದ್ದು ಮಾಡ್ತದ. ಟೂಲಿನ ಒಳಗ ಏನದ ಅಂತ ಅದಕ್ಕ ಕಾಣಂಗಿಲ್ಲ ಮಮ್ಮಿ. ಮ್ಯಾಲೆ ನಾವು ಬರೆದ ವಿವರಣೆ ಓದಿ, ಯಾವುದು ಯಾವಾಗ ಬಳಸಬೇಕು ಅಂತ ತಾನೇ ಠರಾಯಸ್ತದ. ಆ ವಿವರಣೆ ನೀ ಬರಿ. ಕನ್ನಡದಾಗೇ ಬರಿ, ಅದಕ್ಕ ತಿಳೀತದ. ಮಂದಿ ಎಲ್ಲಾ ನಿನಗೇ ಗೊತ್ತಲ್ಲ."

"ಅಂದ್ರ ಡಬ್ಬಿ ಮ್ಯಾಲಿನ ಚೀಟಿ ಇದ್ದಂಗ."

"ಬರೋಬರ್!"

ಪತ್ರಿಕೆಯ ಹಿಂದಿನಿಂದ ನನ್ನ ಯಜಮಾನರ ಧ್ವನಿ ಬಂತು. "ಹಂಗಾದ್ರ ನಿಮ್ಮ ಅವ್ವನ ಕೈಯಾಗ ಕೊಡಬ್ಯಾಡ. ನಮ್ಮ ಅಡಗಿಮನ್ಯಾಗ ಚಹಾಪುಡಿ ಅಂತ ಬರೆದ ಡಬ್ಬ್ಯಾಗ ಸಾಸಿವಿ ಅದ. ನೀವು ಊರಾಗ ಇಲ್ಲದಾಗ ನಾ ಸಾಸಿವಿ ಚಹಾ ಕುಡದೀನಿ."

"ಕುಡದು ಮುಗಿಸೋತನಕ ಗೊತ್ತಾಗಲಿಲ್ಲೇನ್ರಿ?" ಎಂದೆ.

"ಛಲೋ ಇತ್ತು. ಅದಕ್ಕ ಸುಮ್ಮನಿದ್ದೆ."

ಆ ಮಾತಿಗೆ ಕಿವಿಗೊಡದೆ ಕೂತು ಬರೆದೆ. ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಂತೆ ಎಡಗಡೆ ಅಂಚು ಬಿಟ್ಟು, ಸಂಬೋಧನೆಯಿಂದ ಆರಂಭಿಸಿ, ವಿನಯ ಎಲ್ಲಿಯೂ ತಪ್ಪದಂತೆ ನೋಡಿಕೊಂಡು ಬರೆದೆ. ಆಮಂತ್ರಣದ ಟೂಲಿಗೆ ಬರೆದದ್ದು ಹೀಗಿತ್ತು: "ಮಾನ್ಯ ಕಾರಭಾರಿಯವರಿಗೆ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಈ ಟೂಲ್ ಬಹಳ ಉಪಯುಕ್ತವಾದದ್ದು. ಸಂದರ್ಭ ನೋಡಿಕೊಂಡು, ತಮಗೆ ಸರಿ ಕಂಡಲ್ಲಿ, ಯೋಗ್ಯರಾದವರನ್ನು ಪ್ರೀತಿಯಿಂದ ಕರೆಯಲು ಇದನ್ನು ಬಳಸಿದರೆ ನಾನು ಆಭಾರಿಯಾಗಿರುವೆನು. ತೊಂದರೆ ಕೊಟ್ಟದ್ದಕ್ಕೆ ಕ್ಷಮೆಯಿರಲಿ."

ಓದಿ ನನಗೇ ಕಣ್ಣು ತುಂಬಿ ಬಂತು. ಇನ್ನೊಂದು ಸಾಬೂನು ಡಬ್ಬಿ ಸಿಗುವಂಥ ಬರವಣಿಗೆ!

ಮೇಘನಾ ಮೊದಲು ಪರೀಕ್ಷೆಗೆಂದು ನಡೆಸಿದಳು. ಸಂದೇಶಗಳು ಹೊರಗೆ ಹೋಗುವುದಿಲ್ಲ, ಅವಳ ಪರದೆಯ ಮೇಲೆ ಮಾತ್ರ ಬರುತ್ತವೆ. ದೇವರು ದೊಡ್ಡವನು. ಯೋಗ್ಯರು ಯಾರು ಎಂದು ನಾನು ಬರೆದಿರಲಿಲ್ಲವಾದ್ದರಿಂದ ಕಾರಭಾರಿ ನನ್ನ ಫೋನಿನಲ್ಲಿದ್ದ ಯಾರನ್ನೂ ಅಯೋಗ್ಯರೆಂದು ಬಗೆಯದೆ, ಎಲ್ಲರಿಗೂ ಒಂದೊಂದು ಆಮಂತ್ರಣ ಸಿದ್ಧಪಡಿಸಿತ್ತು. ಗ್ಯಾಸ್ ಸಿಲಿಂಡರ್ ತರುವವರು, ಹಲ್ಲಿನ ಡಾಕ್ಟರು, ಮೇಘನಾ ಬಾಲವಾಡಿಗೆ ಹೋಗುತ್ತಿದ್ದ ರಿಕ್ಷಾದವರು. ನಾಲ್ಕನೆಯದನ್ನು ಮಗಳು ಗಟ್ಟಿಯಾಗಿ ಓದಿದಳು.

"ಶ್ರೀ ಬ್ಲೌಸ್ ಕೆಡಿಸಿದ ಟೇಲರ್ ಅವರಿಗೆ ಸಪ್ರೇಮ ನಮಸ್ಕಾರಗಳು. ಸಹಕುಟುಂಬ ಸಹಪರಿವಾರ ಬಂದು ಮಗುವನ್ನು ಆಶೀರ್ವದಿಸಬೇಕಾಗಿ ವಿನಂತಿ."

ಫೋನಿನಲ್ಲಿ ಆತನ ಹೆಸರನ್ನು ನಾನು ಹಾಗೆಯೇ ಬರೆದಿಟ್ಟುಕೊಂಡಿದ್ದೆ. ನೆನಪಿರಲೆಂದು.

"ಅರೇ ದೇವಾ! ಮಮ್ಮಿ, ಇದು ಪತ್ರ ಆಯ್ತು, ವಿವರಣೆ ಆಗಲಿಲ್ಲ. ಅದಕ್ಕ ಕ್ಷೇಮ ಏನೂ ಇಲ್ಲ. ಯಾರನ್ನ ಕರೀಬೇಕು, ಎಷ್ಟು ಮಂದಿ, ಯಾವ ಯಾದಿ, ಅದು ಬರಿ."

"ಆಕಿ ಹಂಗೇ," ಎಂದು ಇವರು ಪತ್ರಿಕೆ ಮಡಚಿದರು. "ನನ್ನ ಸಾಕ್ಸ್ ಎಲ್ಲವ ಅಂದ್ರ 'ಇರೋ ಜಾಗದಾಗೇ ಅವ' ಅಂತಾಳ. ಇಪ್ಪತ್ತಾರು ವರ್ಷ ಈ ವಿವರಣೆ ಮ್ಯಾಲೆ ನಾ ಆಫೀಸಿಗೆ ಹೋಗೀನಿ."

"ಬರಿಗಾಲಿಲೆ ಅಂತೂ ಹೋಗಿಲ್ಲಲ್ರಿ?"

"ಒಂದು ಕರೀದು, ಒಂದು ಬೂದಿ ಬಣ್ಣದ್ದು ಹಾಕ್ಕೊಂಡು ಹೋಗೀನಿ."

ಮೇಘನಾ ನನಗೆ ತಿಳಿಯುವ ಹಾಗೆ ಹೇಳಿದಳು. "ಮಮ್ಮಿ, ಮನಿಗೆ ಹೊಸಾ ಸೊಸಿ ಬಂದಾಳಂತ ತಿಳ್ಕೊ. ಬಹಳ ಹುಷಾರ್. ಹೇಳಿದ್ದು ಮಾಡ್ತಾಳ. ಖರೆ ನಮ್ಮ ಮನಿ ರೀತಿ ರಿವಾಜು ಆಕಿಗೆ ಏನೂ ಗೊತ್ತಿಲ್ಲ. ಆಕಿಗೆ ಹ್ಯಾಂಗ ಬಿಡಿಸಿ ಹೇಳ್ತಿ, ಹಂಗ ಬರಿ."

ಇದನ್ನು ಮೊದಲೇ ಹೇಳಬಾರದಿತ್ತೇ! ನನಗೆ ಸೊಸೆ ಇಲ್ಲ. ಸೊಸೆಗೆ ಹೇಳಲೆಂದು ಕೂಡಿಟ್ಟ ಮಾತುಗಳು ಹೊಟ್ಟೆಯಲ್ಲಿ ಹಾಗೆಯೇ ಉಳಿದಿದ್ದವು. ಅರವತ್ತು ಮಂದಿಯ ಯಾದಿ ಮಾಡಿಕೊಟ್ಟೆ. ಆಮಂತ್ರಣದ ಟೂಲಿಗೆ ಜಾಗ, ವಾರ, ವೇಳೆ ಎಲ್ಲ ಬರೆದೆ. ನೆನಪು ಮಾಡುವ ಟೂಲಿಗೆ ಬಂದಾಗ ಕೈ ತಾನೇ ಓಡಿತು.

"ನಮ್ಮ ಮಂದಿ ಮೊದಲನೇ ಸಲಕ್ಕೆ ಹೂಂ ಅನ್ನುವುದಿಲ್ಲ. ಮೊದಲ ಸಲ 'ನೋಡೋಣ' ಅಂದರೆ ಅದು ಸಂಕೋಚ. ಎರಡನೇ ಸಲ 'ಆಗೂದಿಲ್ಲ' ಅಂದರೆ ಅದು ಮರ್ಯಾದೆ. ಮೂರನೇ ಸಲ 'ಯಾಕ ತ್ರಾಸು ಮಾಡ್ಕೋತೀರಿ' ಅಂದರೆ ಮನಸ್ಸಿನಲ್ಲಿ ಬರಬೇಕೆಂದಿದೆ ಎಂದು ತಿಳಿಯಬೇಕು. ಹೋಳಿಗೆ ಬಡಿಸುವಾಗ ಎಲೆಗೆ ಕೈ ಅಡ್ಡ ಹಿಡಿದರೂ ನಾವು ಬಡಿಸುತ್ತೇವಲ್ಲ, ಹಾಗೆ. ಬರುತ್ತೇವೆ ಅನ್ನುವವರೆಗೆ ಈ ಟೂಲನ್ನು ಬಿಡಬಾರದು. ಒಬ್ಬರೇ ಬರುತ್ತೇವೆ ಅಂದರೆ ಮನೆಯವರೆಲ್ಲ ಯಾಕೆ ಬರುವುದಿಲ್ಲ ಎಂದು ಕೇಳಬೇಕು."

ಮೇಘನಾಳಿಗೆ ಮರುದಿನ ಪರೀಕ್ಷೆಯಿತ್ತು. ಮೇಲೆ ಮೇಲೆ ಕಣ್ಣಾಡಿಸಿ, "ಹಾಂ, ಈಗ ಮಸ್ತ್ ಅದ," ಎಂದು ಕಾರಭಾರಿಯನ್ನು ಲೋಕಕ್ಕೆ ಬಿಟ್ಟಳು. ಈ ಸಲ ಪರೀಕ್ಷೆಗಲ್ಲ, ಖರೇ ಖರೇ.

ಮರುದಿನ ಮಧ್ಯಾಹ್ನ ಮಾಲೇಗಾಂವಿನಿಂದ ಶಿವಶರಣಪ್ಪ ಕಾಕಾ ಫೋನ್ ಮಾಡಿದರು. ಇವರು ನನ್ನ ಯಜಮಾನರ ಚಿಕ್ಕಪ್ಪ. ಅಲ್ಲಿ ಮಗ್ಗಗಳಿಗೆ ನೂಲು ಮಾರುತ್ತಾರೆ. ಹಿಂದೆ ಮಗ್ಗಗಳ ಗದ್ದಲ, ಹೀಗಾಗಿ ಕಾಕಾ ಯಾವಾಗಲೂ ಒದರಿಯೇ ಮಾತಾಡುವುದು.

"ಸುನಂದವ್ವಾ! ಏನಿದು? ನಾ ಏನ್ ತಪ್ಪು ಮಾಡೀನಿ?"

"ಯಾಕ ಕಾಕಾ, ಏನಾಯ್ತ್ರಿ?"

"ಮುಂಜಾನಿಂದ ಎದಿ ಗುರ್ ಗುರ್ ಅಂತದ! ಹಾರ್ಟಿಂದು ಅಂತ ತಿಳದು ಡಾಕ್ಟರ ಕಡೆ ಹೋದೆ. ಅವರು ಅಂಗೀ ಪಾಕೀಟಿಗೆ ಕೈ ಹಾಕಿ ಫೋನ್ ತಗದ್ರು. ಹನ್ನೊಂದು ಮೆಸೇಜು! ರಾತ್ರಿ ಒಮ್ಮೆ ಆಗೂದಿಲ್ಲ ಅಂತ ಬರದಿದ್ದೆ, ಅದಕ್ಕ 'ತಾವು ಆಗುವುದಿಲ್ಲ ಎಂದಿರಿ, ಅದು ತಮ್ಮ ಮರ್ಯಾದೆ' ಅಂತ ಬರದಾನ ಯಾವನೋ ಕಾರಭಾರಿ. ಯಾರವ್ವ ಇಂವ? ಮುನೀಮನ್ನ ಇಟ್ಟೀರೇನು?"

"ಅಂವ... ಹೊಸಬ ಇದ್ದಾನ್ರಿ ಕಾಕಾ."

"ಹೇಳು ಅವನಿಗೆ. ಬರ್ತೀವಿ! ನಾ ಒಬ್ಬನೇ ಬರ್ತೀನಂದೆ, ಮನೆಯವರೆಲ್ಲ ಯಾಕ ಬರೂದಿಲ್ಲ ಅಂತ ಕೇಳ್ದ. ಹದಿನಾಲ್ಕು ಮಂದಿ ಬರ್ತೀವಿ. ಈಗರ ಸಾಕೇನು?"

ಫೋನ್ ಇಡುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಎದುರು ಮನೆಯ ಕುಲಕರ್ಣಿ ಕಾಕು, ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಫೋನು. ಮೊಣಕಾಲಿನ ಆಪರೇಷನ್ ಆಗಿ ಮೂರು ವಾರವಾಗಿತ್ತು. ಡಾಕ್ಟರು ಮೆಟ್ಟಿಲು ಇಳಿಯಬೇಡಿ ಎಂದಿದ್ದರು. ಹೇಗೂ ಬರುವುದಿಲ್ಲವೆಂಬ ಧೈರ್ಯದ ಮೇಲೆಯೇ ನಾನು ಅವರ ಹೆಸರು ಯಾದಿಗೆ ಹಾಕಿದ್ದು!

"ಅಗ ಸುನಂದಾ," ಎಂದರು, ಮರಾಠಿಯಲ್ಲಿ. "ನನ್ನ ಮಕ್ಕಳೂ ನನ್ನನ್ನು ಇಷ್ಟು ಒತ್ತಾಯ ಮಾಡಿ ಕರೆದಿಲ್ಲ. ಒಂಬತ್ತು ಸಲ! ಕುರ್ಚಿ ಹಾಕಿಸುತ್ತೇನೆ ಅಂತಲೂ ಬರೆದಿದ್ದೀಯ. ನಾಲ್ಕು ಮಂದಿ ಹೊತ್ತುಕೊಂಡು ಇಳಿಸಿದರೂ ಸರಿ, ನಾನು ಬಂದೇ ಬರುತ್ತೇನೆ." ಹೀಗೆ ಹೇಳಿ ನನ್ನ ಕೆನ್ನೆ ಸವರಿ ಹೋದರು.

ಸಂಜೆಯ ಹೊತ್ತಿಗೆ ಅರವತ್ತು ಮಂದಿಯ ಯಾದಿ ನೂರಾ ಮೂವತ್ತೊಂದಾಗಿತ್ತು. ಮಹೇಶ ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಎಂಬತ್ತು ಕುರ್ಚಿ.

"ಇದ್ದಿದ್ದು ಅರವತ್ತು, ಆಗಿದ್ದು ನೂರಾ ಮೂವತ್ತೊಂದು," ಎಂದರು ಇವರು. "ಬ್ಯಾಂಕಿನಾಗೂ ಇಷ್ಟು ಲಗೂ ಬೆಳೆಯಂಗಿಲ್ಲ."

ಮೇಘನಾ ಪರೀಕ್ಷೆ ಮುಗಿಸಿ ಬಂದವಳೇ ತಲೆಯ ಮೇಲೆ ಕೈ ಹೊತ್ತು ಕೂತಳು. "ಮಮ್ಮಿ, ಟೂಲ್ ಯಾವಾಗ ಬಳಸಬೇಕು ಅಂತ ಬರದಿ. ಯಾವಾಗ ಬಳಸಬಾರದು ಅಂತ ಬರೀಲಿಲ್ಲ. ಅದೂ ಬರೀಬೇಕು. ಮತ್ತ ಕಾರಣ ಕೊಡು. ಕಾರಣ ತಿಳಿದ್ರ ಅದು ಛಂದ ವಿಚಾರ ಮಾಡಿ ಕೆಲಸ ಮಾಡ್ತದ."

"ರದ್ದು ಮಾಡೋ ಟೂಲಿಂದ ಸ್ವಲ್ಪ ಮಂದೀನ ಕಮ್ಮಿ ಮಾಡೋಣೇನು?" ಎಂದು ಇವರು ಕೇಳಿದರು.

ಕುಲಕರ್ಣಿ ಕಾಕು ಸವರಿದ ಕೆನ್ನೆ ಇನ್ನೂ ಬೆಚ್ಚಗಿತ್ತು. "ಬ್ಯಾಡ್ರಿ, ಎರಡು ಪಂಗ್ತಿ ಮಾಡೋಣು," ಎಂದೆ.

ಆದರೆ ಬಳಸಬಾರದು ಎಂಬ ಮಾತು ಕೇಳಿದ ಕೂಡಲೇ ನನಗೆ ಅಕ್ಕನ ನೆನಪಾಯಿತು. ಅವಳ ನಂಬರೂ ನನ್ನ ಫೋನಿನಲ್ಲಿದೆ. ಈ ಭೂಪ ಉತ್ಸಾಹ ತಡೆಯದೆ ಅಕ್ಕನಿಗೂ ಒಂದು ಮೊಬೈಲ್ ಆಮಂತ್ರಣ ಕಳಿಸಿದರೆ? ಮುಗಿಯಿತು! ಕೂಸು ಜನ್ಮವಿಡೀ ಪಾಪು! ತಕ್ಷಣ ಕೂತು, ನನ್ನ ಜೀವನದಲ್ಲೇ ಅತ್ಯಂತ ಸ್ಪಷ್ಟವಾದ ವಿವರಣೆ ಬರೆದೆ. ಸೌಜನ್ಯ ಕಡಿಮೆ ಮಾಡಿದೆ. ಕಾರಣಗಳನ್ನು ಕೊಟ್ಟೆ. ಏನನ್ನೂ ಅಂದಾಜಿಗೆ ಬಿಡಲಿಲ್ಲ. ಮೇಲ್ಗಡೆ ದಪ್ಪ ಅಕ್ಷರದಲ್ಲಿ "ಶಾರದಕ್ಕನಿಗೆ ಈ ಟೂಲ್ ಬಳಸಬಾರದು" ಎಂದು ಹಾಕಿದೆ.

ಮೇಘನಾ ಓದಿ ನನ್ನ ಬೆನ್ನು ತಟ್ಟಿದಳು. "ಮಮ್ಮಿ, ನನ್ನ ಕ್ಲಾಸಿನಾಗೂ ಹಿಂಗ ಯಾರೂ ಬರದಿಲ್ಲ."

ಆ ರಾತ್ರಿ ನಾನು ಸಾಬೂನು ಡಬ್ಬಿಯನ್ನು ಕಪಾಟಿನಿಂದ ತೆಗೆದು ಒರೆಸಿ ಇಟ್ಟೆ.

ನಾನು ಮರೆತದ್ದು ಒಂದೇ. ಕಾರಭಾರಿ ಸಂದೇಶ ಕಳಿಸುವುದಷ್ಟೇ ಅಲ್ಲ, ಯಾರಾದರೂ ಕೇಳಿದರೆ ಉತ್ತರವನ್ನೂ ಕೊಡುತ್ತದೆ. ಮಾಲೇಗಾಂವಿನ ಕಾಕಾ ಮೊದಲೇ ಒದರುವ ಮನುಷ್ಯ. ಅವರು ವೇರೂಳಿಗೆ ಫೋನ್ ಮಾಡಿ, "ಕಾರಭಾರಿ ನಿಮಗ ಎಷ್ಟು ಮೆಸೇಜು ಹಾಕ್ಯಾನ?" ಎಂದು ಕೇಳಿದ್ದಾರೆ. ಅಕ್ಕನಿಗೆ ಒಂದೂ ಬಂದಿಲ್ಲ. ಆಕೆ ಅವರಿಂದ ನಂಬರು ಇಸಿದುಕೊಂಡು, ತಾನೇ ಕಾರಭಾರಿಗೆ ಬರೆದಿದ್ದಾಳೆ: "ನಾ ಶಾರದಾ, ವೇರೂಳ. ಕೂಸಿನ ಸೋದರತ್ತಿ. ನನ್ನ ಹೆಸರು ಯಾದಿಯಾಗ ಇಲ್ಲೇನು?"

ಕಾರ್ಯಕ್ರಮಕ್ಕೆ ಎರಡು ದಿನ ಮೊದಲು, ಶುಕ್ರವಾರ, ನಾನು ಹೋಳಿಗೆಗೆ ಶೇಂಗಾ ಹುರಿಯುತ್ತಿದ್ದಾಗ ಮೇಘನಾ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ, ಒಡೆದ ಗಾಜಿನ ಪಾತ್ರೆ ಹಿಡಿದಂತೆ ಹಿಡಿದುಕೊಂಡು ಬಂದಳು. ತೋರಿಸಿದಳು. ಕಾರಭಾರಿಯ ಉತ್ತರ ಹೀಗಿತ್ತು:

"ನಮಸ್ಕಾರ ಶಾರದಕ್ಕನವರೇ. ತಮಗೆ ಈ ಟೂಲ್ ಬಳಸಬಾರದೆಂದು ಸ್ಪಷ್ಟ ಸೂಚನೆಯಿದೆ. ಕಾರಣಗಳು: ಮೂರು ವರ್ಷದ ಹಿಂದೆ ಮದುವೆಗೆ ಮೊಬೈಲಿನಲ್ಲಿ ಕಾರ್ಡು ಕಳಿಸಿದ್ದರಿಂದ ತಮಗೆ ಸಿಟ್ಟು ಬಂದಿದೆ, ಅದು ಇಳಿದಿಲ್ಲ. ತಮ್ಮ ಸಿಟ್ಟು ಕುಕ್ಕರಿನಂತೆ, ತಾನಾಗಿ ಆರುವವರೆಗೆ ಮುಚ್ಚಳ ತೆಗೆಯಬಾರದು. ಆದ್ದರಿಂದ ಸುನಂದಾ ಅವರು ಶನಿವಾರ ಕುಂಕುಮದ ಭರಣಿ, ಇಳಕಲ್ ಸೀರೆ ಹಾಗೂ ಶೇಂಗಾ ಹೋಳಿಗೆಯೊಂದಿಗೆ ತಾವೇ ಬಂದು ಕರೆಯಲಿದ್ದಾರೆ. ಹೋಳಿಗೆ ಬಾಯಲ್ಲಿದ್ದಾಗ ತಾವು ಇಲ್ಲ ಅನ್ನುವುದಿಲ್ಲವೆಂದು ಅವರ ಅನುಭವ. ಮೊದಲೇ ಗೊತ್ತಾದರೆ ತಾವು ಅಂಗಡಿಗೆ ಬೀಗ ಹಾಕಿ ಊರಿಗೆ ಹೋಗುವ ಸಂಭವವಿದೆ. ಇನ್ನೇನಾದರೂ ಸಹಾಯ ಬೇಕಿತ್ತೇ?"

ಅದರ ಕೆಳಗೆ ಅಕ್ಕ ಕೇಳಿದ್ದಳು: "ಸೀರಿ ಯಾವ ಬಣ್ಣದ್ದು?"

"ಕ್ಷಮಿಸಿ, ಆ ಮಾಹಿತಿ ನನ್ನ ಬಳಿ ಇಲ್ಲ."

ಶೇಂಗಾ ಹೊತ್ತಿದ ವಾಸನೆ ಮೊದಲು ಬಂದದ್ದು ಯಜಮಾನರಿಗೆ. ಓಡಿ ಬಂದು ಗ್ಯಾಸ್ ಬಂದ್ ಮಾಡಿ, ನಮ್ಮಿಬ್ಬರ ಭುಜಗಳ ಮೇಲಿಂದ ಓದಿದರು. ಎರಡು ಸಲ ಓದಿದರು.

"ಭಾಷಾ ಛಲೋ ಅದ," ಎಂದರು.

"ನಿನ್ನ ಕಾರಭಾರಿಗೆ ಬುದ್ಧಿ ಅದ ಇಲ್ಲ?" ಎಂದು ಮಗಳ ಮೇಲೆ ಹರಿಹಾಯ್ದೆ. "ಮನಿ ಮಾತು ಹೊರಗ ಹೇಳೂದೇನು?"

ಮೇಘನಾ ಮೆಲ್ಲನೆ ಹೇಳಿದಳು. "ಕಳಿಸಬ್ಯಾಡ ಅಂತ ಬರದಿದ್ದಿ ಮಮ್ಮಿ. ಕೇಳಿದ್ರ ಹೇಳಬ್ಯಾಡ ಅಂತ ಬರೀಲಿಲ್ಲ. ನಾನೂ ನೋಡಲಿಲ್ಲ, ಸಾರಿ."

ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಭಾವನಿಗೆ ಮಾಡಿದೆ. "ಆಕಿ ಹಿಂದ ಗೋದಾಮಿನಾಗ ತೆಂಗಿನಕಾಯಿ ಸುಲಿಯಾಕ ಕುಂತಾಳ್ರಿ," ಎಂದರು. ದನಿ ಇಳಿಸಿ, "ಬಹಳ ಜೋರ್ ಸುಲಿಯಾಕತ್ಯಾಳ," ಎಂದರು.

ಮಹೇಶನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಶನಿವಾರ ಬೆ‌ಳಗಿನ ಬಸ್ಸಿಗೆ, ಸ್ವಲ್ಪ ಕರಕಲು ವಾಸನೆಯ ಹೋಳಿಗೆ, ಸೀರೆ, ಭರಣಿ ಚೀಲದಲ್ಲಿಟ್ಟುಕೊಂಡು ಮೂವರೂ ಹೊರಟೆವು. ದಾರಿಯುದ್ದಕ್ಕೂ ನಾನು ಕ್ಷಮೆ ಕೇಳುವ ಭಾಷಣವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಸಂಬೋಧನೆ, ವಿಷಯ, ಮುಕ್ತಾಯ. ವೇರೂಳಿನಲ್ಲಿ ಇಳಿದಾಗ ಯಾತ್ರಿಕರ ಗದ್ದಲ. ಅಂಗಡಿಗೆ ಬೀಗ ಬಿದ್ದಿರಲಿಲ್ಲ. ಅಕ್ಕ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬಿಲ್ವಪತ್ರೆಯನ್ನು ಮೂರು ಮೂರು ದಳ ನೋಡಿ ಬೇರೆ ಮಾಡುತ್ತಿದ್ದಳು. ಕತ್ತೆತ್ತಿ ನೋಡಲಿಲ್ಲ.

"ಬಂದ್ರೇನವ್ವಾ? ಕುಕ್ಕರ್ ಆರ್ಯದ. ಬರ್ರಿ."

ಭಾಷಣ ಮರೆತೇಹೋಯಿತು. "ಅಕ್ಕಾ, ತಪ್ಪಾಯ್ತು. ಮಹೇಶ ಅವತ್ತು ಮೊಬೈಲಿನಾಗ ಕಾರ್ಡು ಕಳಿಸಬಾರದಿತ್ತು..."

ಅಕ್ಕ ಬಿಲ್ವಪತ್ರೆ ಕೆಳಗಿಟ್ಟಳು. "ಮೊಬೈಲ್ ಕಾರ್ಡಿಗೆ ಯಾರರ ಮೂರು ವರ್ಷ ಸಿಟ್ಟಾಗ್ತಾರೇನ? ಹುಚ್ಚಿ! ದಿನಾ ನೂರು ಮಂದಿ ಇಲ್ಲಿ ಮೊಬೈಲಿಂದಲೇ ರೊಕ್ಕ ಕೊಟ್ಟು ತೆಂಗಿನಕಾಯಿ ಒಯ್ತಾರ. ನನ್ನ ಸಿಟ್ಟು ಮಹೇಶನ ಮ್ಯಾಲಲ್ಲ."

"ಮತ್ಯಾರ ಮ್ಯಾಲ?"

"ನಿನ್ನ ಮ್ಯಾಲ!"

ಭಾವ ಮೆಲ್ಲನೆ ಎದ್ದು, ಗಿರಾಕಿಗಳೇ ಇಲ್ಲದ ಕಡೆಗೆ ಹೋಗಿ ನಿಂತರು. ಯಜಮಾನರಿಗೆ ಒಮ್ಮೆಲೇ ವಿಭೂತಿ ಗಟ್ಟಿಗಳಲ್ಲಿ ಅಪಾರ ಆಸಕ್ತಿ ಹುಟ್ಟಿತು.

"ಲಗ್ನದ ದಿನ ಮುಂಜಾನಿ ನನ್ನ ಕೈಗೆ ಉಗ್ರಾಣದ ಕೀಲಿ ಕೊಟ್ಟಿ," ಅಕ್ಕ ಹೇಳತೊಡಗಿದಳು. "'ಅಕ್ಕಾ, ಸ್ವಲ್ಪ ಇಲ್ಲಿ ಕೂಡು, ಲಾಡು ನೋಡ್ಕೋ, ಈಗ ಬಂದೆ' ಅಂದಿ. ನಾ ಕುಂತೆ. ಹೊರಗ ಬಾಜಾ ಬಾರಿಸ್ತು. ಸುನಂದಾ ಬರ್ತಾಳ ಅಂತ ಕುಂತೆ. ಅಕ್ಕಿಕಾಳು ಬಿತ್ತು. ಇದ್ದೊಬ್ಬ ತಮ್ಮನ ತಲಿಮ್ಯಾಲ ನಾಕು ಅಕ್ಕಿಕಾಳು ಹಾಕಲಿಲ್ಲ ನಾ. ಲಾಡು ಕಾಯಕೋತ ಕುಂತಿದ್ದೆ. ಫೋಟೋದಾಗ ಎಲ್ಲಿಯಾದ್ರೂ ನಾ ಇದ್ದೀನೇನು ನೋಡು. ಮೂರು ವರ್ಷಾತು ಸುನಂದಾ, ಈಗ ಬಂದೆ ಅಂದಾಕಿ ಇನ್ನಾ ಬಂದಿಲ್ಲ!"

ನನಗೆ ನೆನಪೇ ಇರಲಿಲ್ಲ. ಈಗ ಬಂತು. ಕೀಲಿ ಕೊಟ್ಟಿದ್ದೆ. ಯಾರೋ ಕಳಸ ಹಿಡಿಯಲು ಕರೆದರು, ಓಡಿದ್ದೆ. ಎಷ್ಟು ಹೊತ್ತು ಕೂರಬೇಕು, ಯಾವಾಗ ಏಳಬಹುದು, ನಾನು ಬರದಿದ್ದರೆ ಏನು ಮಾಡಬೇಕು, ಒಂದನ್ನೂ ಹೇಳಿರಲಿಲ್ಲ. ಕಾರಭಾರಿಗೆ ಬರೆದ ವಿವರಣೆಯಲ್ಲಿ ಭಾಷೆ ಸ್ಪಷ್ಟವಿತ್ತು, ಕಾರಣವಿತ್ತು, ಉಪಮೆ ಕೂಡ ಇತ್ತು. ಸತ್ಯ ಒಂದೇ ಇರಲಿಲ್ಲ. ಮೂರು ವರ್ಷ ನಾವ್ಯಾರೂ ಅಕ್ಕನನ್ನು ಏನಾಯಿತೆಂದು ಕೇಳಿರಲೇ ಇಲ್ಲ. ಕಾರಣ ನಮಗೆ ಗೊತ್ತಿತ್ತಲ್ಲ!

ಅಳು ಬಂತು. ಕರವಸ್ತ್ರ ಹುಡುಕಿದೆ, ಇರಲಿಲ್ಲ. ಅಕ್ಕ ತನ್ನ ಸೆರಗಿನ ತುದಿ ಚಾಚಿದಳು. ಅದರಲ್ಲಿ ತೆಂಗಿನ ನಾರಿನ ವಾಸನೆ.

"ಸಾಕು ಮಾಡು, ಗಿರಾಕಿ ಬರೂ ಹೊತ್ತು," ಎಂದಳು. "ಆ ನಿನ್ನ ಕಾರಭಾರಿ ಛಲೋ ಇದ್ದಾನ ನೋಡು. ಮೂರು ವರ್ಷದಾಗ ನೀವ್ಯಾರೂ ಬಾಯಿ ಬಿಡಲಿಲ್ಲ. ಅಂವ ಒಂದು ಮಾತು ಕೇಳಿದ್ದಕ್ಕ ಎಲ್ಲಾ ಹೇಳಿಬಿಟ್ಟ. ಎಲ್ಲಿ ಸೀರಿ, ತಗೀ."

ಸೀರೆ ಗಿಣಿಹಸಿರು, ಕೆಂಪು ಅಂಚು. ಅಕ್ಕ ಅಂಚನ್ನು ಬೆರಳಿನಿಂದ ತಿಕ್ಕಿ ನೋಡಿದಳು. ಹೋಳಿಗೆಯನ್ನು ಮೂಸಿ, "ಹೊತ್ಯದ," ಎಂದು ಎರಡು ತಿಂದಳು.

"ಬರ್ತಿ ಹೌದಿಲ್ಲ ಅಕ್ಕಾ?"

"ಬರ್ತೀನಿ. ಖರೆ ಒಂದು ಶರತ್ತು. ನಾ ಹೆಸರಿಡೋ ಹೊತ್ತಿಗೆ ಉಗ್ರಾಣದಾಗ ನೀ ಕೂಡಬೇಕು."

ರವಿವಾರ ಎಂಬತ್ತು ಕುರ್ಚಿಯ ಹಾಲ್‌ನಲ್ಲಿ ನೂರಾ ಮೂವತ್ತೊಂದು ಮಂದಿ. ಮಾಲೇಗಾಂವಿನ ಹದಿನಾಲ್ಕು ಜನ ಗೋಡೆಗೆ ಆತು ನಿಂತಿದ್ದರು. ಕುಲಕರ್ಣಿ ಕಾಕು ನಡುವೆ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು, ತನ್ನನ್ನು ಒಂಬತ್ತು ಸಲ ಕರೆದದ್ದನ್ನು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಅಕ್ಕ ಗಿಣಿಹಸಿರು ಸೀರೆ ಉಟ್ಟು ಒಳಗೆ ಬಂದಾಗ ಮಹೇಶ ಅವಳ ಕಾಲು ಮುಟ್ಟಲು ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ. "ಏಳೋ, ಪ್ಯಾಂಟು ಹರೀತದ," ಎಂದಳು ಅಕ್ಕ.

ಆಮೇಲೆ ನನ್ನ ಕೈ ಹಿಡಿದು ಉಗ್ರಾಣಕ್ಕೆ ಕರೆದೊಯ್ದು, ಗೋದಿಹಿಟ್ಟಿನ ಚೀಲದ ಮೇಲೆ ಕೂಡಿಸಿದಳು. ಹಿಂದೆಯೇ ಮೇಘನಾ.

"ಕೇಳಿಲ್ಲಿ. ಈ ಬುಟ್ಟ್ಯಾಗ ನೂರಾ ಐವತ್ತು ಲಾಡು ಅವ. ಮುಚ್ಚಿಡು. ಸಣ್ಣ ಹುಡುಗ್ರು ಬಂದ್ರ ಒಂದೊಂದು ಕೊಡು, ಎರಡು ಕೇಳಿದ್ರ ಕೊಡಬ್ಯಾಡ, ಊಟ ಮಾಡಂಗಿಲ್ಲ ಅವು. ದೊಡ್ಡವರು ಬಂದ್ರ ಪಂಗ್ತ್ಯಾಗ ಬಡಸ್ತೀವಿ ಅನ್ನು. ತೊಟ್ಟಿಲದ ಹಾಡು ಕೇಳಸ್ತದ, ಏಳಬ್ಯಾಡ. ಹೆಸರಿಟ್ಟು, ಹುಡುಗ್ರು ನನ್ನ ಬೆನ್ನಿಗೆ ಗುದ್ದಿ ಮುಗಿಸಿದ ಮ್ಯಾಲ ನಾನೇ ಬಂದು ಕರೀತೀನಿ. ಕಾಲು ತಾಸು. ಅದರಕಿಂತ ಜಾಸ್ತಿ ಆದ್ರ ಮೇಘನಾನ್ನ ಕಳಸ್ತೀನಿ. ಯಾಕ ಕೂಡಸೀನಿ ಅಂತ ನಿನಗ ಗೊತ್ತದ."

"ಮಾವಶಿ!" ಮೇಘನಾ ಕಣ್ಣರಳಿಸಿದಳು. "ಏನ್ ಮಾಡಬೇಕು, ಏನ್ ಮಾಡಬಾರದು, ಎಷ್ಟೊತ್ತು, ಕಾರಣ, ಎಲ್ಲಾ ಹೇಳಿಬಿಟ್ಟಿ. ಏಕದಮ್ ಪರ್ಫೆಕ್ಟ್!"

"ಅಂಗಡಿ ನಡಸ್ತೀನವ್ವ," ಎಂದು ಅಕ್ಕ ಹೋದಳು.

ಕೂತೆ. ಹೊರಗೆ ತೊಟ್ಟಿಲ ಹಾಡು ಶುರುವಾಯಿತು. ಏಳಲಿಲ್ಲ. ಹಾಡು ನಿಂತಿತು. ಅಕ್ಕ ಕೂಸಿನ ಕಿವಿಗೆ ಬಾಗಿರಬೇಕು. ಮರುಕ್ಷಣ ಕೂಗಾಟ, ನಗು, ಅಕ್ಕನ ಬೆನ್ನಿನ ಮೇಲೆ ಹುಡುಗರ ಗುದ್ದುಗಳ ದಬದಬ. "ಏ ಸಾಕ್ರೋ!" ಎಂದು ಒದರುತ್ತಿದ್ದ ಅಕ್ಕನ ದನಿಯಲ್ಲಿ ಮೂರು ವರ್ಷದಿಂದ ಕೇಳದಿದ್ದ ನಗೆ. ಗೋದಿಹಿಟ್ಟಿನ ಚೀಲದ ಮೇಲೆ ಒಬ್ಬಳೇ ಕೂತು ಅದನ್ನು ಕೇಳುವುದು ಎಷ್ಟು ಕಷ್ಟವೆಂದು ನನಗೆ ಆಗ ತಿಳಿಯಿತು. ತಿಳಿದಷ್ಟೂ ಹಸಿವಾಯಿತು.

ಕಾಲು ತಾಸಿಗೆ ಸರಿಯಾಗಿ ಅಕ್ಕ ಬಂದಳು, ತೋಳಲ್ಲಿ ಕೂಸು. ನನ್ನ ಕಿವಿಯ ಹತ್ತಿರ ಬಾಗಿ, ಕೂಸಿಗೆ ಹೇಳಿದಷ್ಟೇ ಮೆಲ್ಲಗೆ, "ಗೌರಿ," ಎಂದಳು. ಕೂಸನ್ನು ನನ್ನ ಮಡಿಲಿಗೆ ಹಾಕಿ ಬುಟ್ಟಿಯ ಮುಚ್ಚಳ ತೆಗೆದಳು. ಬುಟ್ಟಿಯನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಬುಟ್ಟಿಯನ್ನು ನೋಡಿದಳು.

"ಹುಡುಗ್ರು ಬಂದಿದ್ವೇನ?"

"ಒಂದೂ ಬರಲಿಲ್ಲ ಅಕ್ಕಾ."

"ಮತ್ತ ಮ್ಯಾಲಿನ ನಾಕು ಲಾಡು ಎಲ್ಲಿ?"

ಸುಳ್ಳು ಹೇಳುವುದನ್ನು ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದೆ. "ನಾ ತಿನ್ನಬಾರದು ಅಂತ ನೀ ಹೇಳೇ ಇಲ್ಲಲ್ಲ, ಅಕ್ಕಾ!"

ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದಳು. ಅದಕ್ಕೆ ಯಾವ ವಿವರಣೆಯೂ ಬೇಕಾಗಲಿಲ್ಲ.